ಏಳನೇ ಸ್ಪ್ಯಾನಿನ ಬೋಲ್ಟುಗಳು

ಮಾರ್ಚ್ 3, ಸೋಮವಾರ

ಈ ಪುಸ್ತಕ ಕೆಲಸದ್ದು. ಕಬ್ಬಿಣಕ್ಕೆ ಬಣ್ಣ ಬಳಿಯುವ ದಿನ ಗಾಳಿಯ ತಾಪ ಎಷ್ಟು, ಉಕ್ಕಿನ ತಾಪ ಎಷ್ಟು, ತೇವ ಎಷ್ಟು, ಎಷ್ಟನೆಯ ಕೋಟು, ಬೋಲ್ಟುಗಳಿಗೆ ಕೈಬ್ರಷ್ ಆಗಿದೆಯೇ ಇಲ್ಲವೇ ಎಂದೆಲ್ಲ ತುಂಬಿ, ಕೊನೆಯಲ್ಲಿ ಷರಾ ಎನ್ನುವ ಕಾಲಮ್ಮಿನಲ್ಲಿ ಹೇಳುವುದೇನಾದರೂ ಇದ್ದರೆ ಹೇಳಿ, ಕೆಳಗೆ ಸಹಿ ಹಾಕಬೇಕು. ಹೊಸ ನಮೂನೆ ಬಂದ ಮೇಲೆ ಇಂಥವು ಆರು ಪುಸ್ತಕ ಹಾಗೇ ಉಳಿದುಹೋದವು. ಒಂದನ್ನು ಮನೆಗೆ ತಂದಿದ್ದೇನೆ. ಮನೆಯಲ್ಲಿ ಬಾಯಿ ಬಿಟ್ಟರೆ ಜಗಳ, ಸೇತುವೆಯ ಮೇಲೆ ಬಾಯಿ ಬಿಟ್ಟರೆ ಕಂಪ್ರೆಸರಿನ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ. ಇಲ್ಲಾದರೂ ಹೇಳಿಕೊಳ್ಳುತ್ತೇನೆ.

ಗಾಳಿಯ ತಾಪ: ಮೂವತ್ತೊಂದು. ನಮ್ಮ ಮನೆಯವರ ಮುಖದ ತಾಪ: ಅದಕ್ಕಿಂತ ಹತ್ತು ಹೆಚ್ಚು.

ಎಂಜಿನಿಯರ್ ಸಾಹೇಬರು ಇವತ್ತು ಸೇತುವೆಗೆ ಕರೆಸಿದ್ದರು. ನದಿ ಸಮುದ್ರ ಸೇರುವ ಕಡೆ ಜನ ನಡೆದು ದಾಟುವ ಉಕ್ಕಿನ ಸೇತುವೆ ಅದು. ಕಂಬದಿಂದ ಕಂಬಕ್ಕೆ ಒಂದು ಸ್ಪ್ಯಾನು, ಒಟ್ಟು ಹನ್ನೊಂದು. ನಾಲ್ಕು ವರ್ಷದ ಹಿಂದೆ ಅದಕ್ಕೆ ಬಣ್ಣ ಬಳಿದ ತಂಡಕ್ಕೆ ನಾನೇ ಮೇಸ್ತ್ರಿ. ಸಾಹೇಬರು ಏಳನೇ ಸ್ಪ್ಯಾನಿಗೆ ಕರೆದುಕೊಂಡು ಹೋಗಿ, ಒಂದು ಬೋಲ್ಟಿನ ತಲೆಯನ್ನು ಉಗುರಿನಿಂದ ಕೆರೆದರು. ಕೆಂಪು ಹೊಪ್ಪಳೆ ಎದ್ದು ನೀರಿಗೆ ಬಿತ್ತು.

"ಹನ್ನೆರಡು ವರ್ಷ ಬರುತ್ತೆ ಅಂದಿದ್ರಿ ಅಲ್ವೇನಮ್ಮ?"

"ಹೌದು ಸಾರ್."

"ಇದು ನಾಲ್ಕನೇ ವರ್ಷ. ಏಳರಲ್ಲಿ ತುಕ್ಕು ಹಿಡಿದಿದೆ ಅಂದ್ರೆ ಮಿಕ್ಕ ಹತ್ತಕ್ಕೂ ಹಿಡಿಯುತ್ತೆ. ಹನ್ನೊಂದನ್ನೂ ಕೆರೆದು ಬರಿಮೈ ಮಾಡಿ ಮೊದಲಿಂದ ಬಳಿಸಬೇಕು ಅಂತ ಬರೀತಿದೀನಿ. ನೀವು ಈಗ ಏಳನೇದೊಂದನ್ನ ಮಾಡಿ ತೋರಿಸಿ. ಇಪ್ಪತ್ತೆಂಟಕ್ಕೆ ಬರ್ತೀನಿ. ಚೆನ್ನಾಗಿದ್ರೆ ಉಳಿದದ್ದೂ ನಿಮಗೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಸಂಜೆ ನಮ್ಮ ಕಂಪನಿಯ ಯಜಮಾನರು ಅದಕ್ಕೊಂದು ಬಾಲ ಸೇರಿಸಿದರು. ಏಳನೆಯದು ಕೆಟ್ಟರೆ ನಾನು ಉಗ್ರಾಣಕ್ಕೆ. ಇಪ್ಪತ್ತೆರಡು ವರ್ಷ ಸಾರುವೆಯ ಅಟ್ಟಣಿಗೆ ಹತ್ತಿಳಿದವಳು ಡಬ್ಬಿ ಎಣಿಸಿಕೊಂಡು ಕೂರಬೇಕು.

ಮನೆಯಲ್ಲಿ ಇವರು. ಇವರೂ ನಮ್ಮ ತಂಡದವರೇ, ಬ್ರಷ್ ಕೆಲಸದವರು. ಇಪ್ಪತ್ತು ವರ್ಷ ನೀರಿನ ಮೇಲೆ ತೂಗಾಡಿಕೊಂಡು ಬಣ್ಣ ಬಳಿದ ಮನುಷ್ಯ, ಜನವರಿಯಲ್ಲಿ ಅಡುಗೆಮನೆಯ ಬಲ್ಬು ಹಾಕಲು ಸ್ಟೂಲು ಹತ್ತಿ ಬಿದ್ದರು. ಬಲ್ಬು ಹಾಕಿ, ಬಲ್ಬು ಹಾಕಿ ಎಂದು ಮೂರು ದಿನ ಪ್ರಾಣ ತಿಂದವಳು ನಾನು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿ ಎರಡು ವಾರವಾಯಿತು, ಬೆರಳುಗಳು ಇನ್ನೂ ಮರಗಟ್ಟಿಕೊಂಡೇ ಇವೆ. ಅಂಗಿಯ ಗುಂಡಿ ಹಾಕುವುದು, ತಲೆ ಬಾಚುವುದು, ಹಣ್ಣು ಹೆಚ್ಚುವುದು, ಡಬ್ಬಿಯ ಮುಚ್ಚಳ ತೆಗೆಯುವುದು ಎಲ್ಲವೂ ನಾನೇ. ಗುಂಡಿ ಹಾಕುವಾಗ ಗೋಡೆ ನೋಡುತ್ತಾ ನಿಲ್ಲುತ್ತಾರೆ.

ಏಳನೇ ಸ್ಪ್ಯಾನಿನ ಸುದ್ದಿ ಹೇಳಿದೆ.

"ತುಕ್ಕು ಬೋಲ್ಟಲ್ಲಾ?"

"ಹೂಂ."

"ಬೋಲ್ಟು ನನ್ನ ಬ್ರಷ್ಷು. ಏಳನೇದು ನಾನು ಜ್ವರದಲ್ಲಿ ಬಳಿದದ್ದಲ್ವಾ? ಕೈ ಕೂತಿಲ್ಲ ಅನ್ಸುತ್ತೆ." ಬೆರಳು ನೀವಿಕೊಳ್ಳುತ್ತಾ, "ನಿನ್ನ ಕೆಲಸಕ್ಕೂ ಕುತ್ತು ತಂದೆ ನೋಡು," ಎಂದರು.

ಊಟ ಆರಿಹೋಗುತ್ತದೆ, ಬನ್ನಿ ಎಂದೆ.

ಷರಾ: ಇದೆ. ಇವತ್ತು ಬರೆಯುವುದಿಲ್ಲ.

ಮಾರ್ಚ್ 5, ಬುಧವಾರ

ಸಾರುವೆ ಕಟ್ಟಿಯಾಯಿತು. ನಮ್ಮ ತಂಡದ ಗುಟ್ಟು ಎನ್ನುವವನು ಗ್ರಿಟ್ ಹೊಡೆಯಲು ಶುರು ಮಾಡಿದ್ದಾನೆ. ಲೋಹದ ಪುಡಿಯನ್ನು ಗಾಳಿಯ ರಭಸದಲ್ಲಿ ಎರಚಿ ಹಳೆಯ ಬಣ್ಣವನ್ನೂ ತುಕ್ಕನ್ನೂ ಕಿತ್ತುಹಾಕುವ ಕೆಲಸ. ಹದಿನೈದು ವರ್ಷ ಆ ಸದ್ದಿನಲ್ಲಿ ನಿಂತು ಅವನ ಕಿವಿ ಅರ್ಧ ಹೋಗಿದೆ. ಕಿವಿಯಲ್ಲಿ ಹೇಳುವ ಮಾತನ್ನೂ ಆಚೆ ದಡಕ್ಕೆ ಕೇಳುವ ಹಾಗೆ ಹೇಳುತ್ತಾನೆ, ಅದಕ್ಕೇ ಗುಟ್ಟು ಎಂದು ಹೆಸರು.

ಆಸ್ಪತ್ರೆಯಿಂದ ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಬಂದಿದ್ದಳು. ಚಿಕ್ಕ ವಯಸ್ಸು, ದೊಡ್ಡ ಬಾಯಿ. ಒಂದು ಬಾಟಲಿ ಕೊಟ್ಟು ಇವರಿಗೆ ಮುಚ್ಚಳ ತೆಗೆಯಲು ಹೇಳಿದಳು. ಇವರ ಬೆರಳು ಜಾರುವುದನ್ನು ನೋಡಲಾರದೆ ನಾನು ಇಸಿದುಕೊಂಡು ತೆಗೆದುಕೊಟ್ಟೆ.

"ಅಮ್ಮ, ಪೇಷಂಟು ನೀವಾ, ಅವರಾ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಇವರು ಗೋಡೆಯ ಕಡೆ ತಿರುಗಿ ನಗುತ್ತಿದ್ದರು ಎಂದು ಬೆನ್ನು ನೋಡಿಯೇ ಗೊತ್ತಾಯಿತು.

ಆಮೇಲೆ ಅವಳು ಇವರ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ, ಸೇತುವೆಗೆ ಮೂರು ಮೂರು ಬಣ್ಣ ಯಾಕೆ ಎಂದು ಕೇಳಿದಳು. ನೋವು ಮರೆಸಲು ಕೇಳಿದ್ದು. ಇವರು ತಿಂಗಳಿನಿಂದ ಇಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

"ಮೊದಲು ಸತು. ಅದು ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತೆ. ಉಪ್ಪುಗಾಳಿ ಕಚ್ಚೋಕೆ ಬಂದ್ರೆ ತನ್ನ ಮೈ ಒಡ್ಡುತ್ತೆ. ತಾನು ಸವೀತಾ ಹೋಗುತ್ತೆ, ಕಬ್ಬಿಣ ಉಳಿಯುತ್ತೆ. ಅದರ ಮೇಲೆ ಎಪಾಕ್ಸಿ, ಕಂಬಳಿ ಇದ್ದ ಹಾಗೆ. ನೀರು ಇಳಿಯೋಕೆ ಬಿಡಲ್ಲ. ಆದ್ರೆ ಅದಕ್ಕೆ ಬಿಸಿಲು ಆಗಿಬರಲ್ಲ, ಪುಡಿಪುಡಿ ಆಗುತ್ತೆ. ಅದಕ್ಕೇ ಬಿಸಿಲು ತಡೆಯೋಕೆ ಮೇಲೊಂದು ತೆಳು ಕೋಟು. ಜನಕ್ಕೆ ಕಾಣೋದು ಅದೊಂದೇ."

"ಯಾವುದಾದ್ರೂ ಒಂದನ್ನೇ ದಪ್ಪಗೆ ಬಳಿದುಬಿಟ್ರೆ?"

"ಎಲ್ಲಾ ಕೆಲಸ ಒಬ್ಬರೇ ಮಾಡ್ತೀನಿ ಅಂದ್ರೆ ಆಗಲ್ಲಮ್ಮ," ಎಂದು ಇವರು ನನ್ನ ಕಡೆ ನೋಡಿದರು. ನನ್ನನ್ನು ಯಾಕೆ ನೋಡಬೇಕಿತ್ತೋ ಗೊತ್ತಿಲ್ಲ. ಟೀ ಲೋಟ ಬಿಸಿಯಿತ್ತು, ನಾನೇ ಹಿಡಿದು ಕುಡಿಸಿದೆ.

ಮಾರ್ಚ್ 8, ಶನಿವಾರ

ಷರಾ ಬರೆಯುತ್ತೇನೆ. ಐದು ದಿನದಿಂದ ಮುಂದೂಡುತ್ತಾ ಬಂದೆ.

ಬಣ್ಣ ಒಣಗುವಾಗ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಅಗಲವಾದ ಜಾಗದಲ್ಲಿ ದಪ್ಪಗೆ ಕೂತರೂ ಬೋಲ್ಟಿನ ಮೂಲೆಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಸ್ಪ್ರೇ ಗನ್ನಿಗೆ ಬೋಲ್ಟಿನ ಮುಖ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಅದಕ್ಕೇ ಎಪಾಕ್ಸಿ ಸ್ಪ್ರೇ ಮಾಡುವ ಮುಂಚೆ ಅದೇ ಎಪಾಕ್ಸಿಯನ್ನು ಬ್ರಷ್ಷಿನಲ್ಲಿ ಅದ್ದಿ ಒಂದೊಂದು ಬೋಲ್ಟಿಗೂ ಒಂದೊಂದು ಅಂಚಿಗೂ ಕೈಯಲ್ಲಿ ಬಳಿಯಬೇಕು. ಅದು ಇವರ ಕೆಲಸ. ಇವರ ಹಾಗೆ ಬೋಲ್ಟು ಬಳಿಯುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ನಾಲ್ಕು ವರ್ಷದ ಹಿಂದೆ ಆರು ಸ್ಪ್ಯಾನು ಮುಗಿಸಿ ಏಳಕ್ಕೆ ಬರುವ ದಿನ ಇವರಿಗೆ ಜ್ವರ ಏರಿತು. ಮಧ್ಯಾಹ್ನದವರೆಗೆ ಸಾರುವೆಯ ಮೇಲೆ ಕೂತಿದ್ದರು, ಕಣ್ಣು ಕೆಂಡವಾಗಿತ್ತು, ಒಂದು ಬೋಲ್ಟೂ ಬಳಿದಿರಲಿಲ್ಲ. ಮನೆಗೆ ಕಳಿಸಿದೆ. ಮಾರನೆಯ ದಿನ ಸಮುದ್ರದ ಕಡೆಯಿಂದ ಮೋಡ ಎದ್ದಿತು. ಮಳೆ ಹಿಡಿದರೆ ವಾರ ಬಿಡುವುದಿಲ್ಲ. ಸ್ಪ್ರೇ ಹಿಡಿಯುವ ಉದ್ದಣ್ಣ, "ಬ್ರಷ್ ಆಗಿಲ್ವಲ್ಲಕ್ಕ," ಎಂದ. "ಇರಲಿ, ಹೊಡಿ," ಎಂದೆ. ಇಂಥದೇ ಪುಸ್ತಕದಲ್ಲಿ "ಬ್ರಷ್: ಆಗಿದೆ" ಎಂದು ಬರೆದು ಸಹಿ ಹಾಕಿದೆ. ಮಳೆ ಬರಲೇ ಇಲ್ಲ. ಮೋಡ ಸುಮ್ಮನೆ ತೇಲಿಹೋಯಿತು.

ಜ್ವರ ಬಿಟ್ಟು ಬಂದ ಇವರು ಏಳಕ್ಕೆ ಬ್ರಷ್ ಯಾರು ಹಾಕಿದರು ಎಂದು ಕೇಳಿದರು. "ನೀವೇ ಮುಗಿಸಿದ್ರಲ್ಲ, ಜ್ವರದ ಗುಂಗಲ್ಲಿ ನೆನಪಿಲ್ಲ ಅಷ್ಟೇ," ಎಂದೆ. ನಂಬಿದರು. ಉದ್ದಣ್ಣ ನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಮಾತೆತ್ತಿಲ್ಲ.

ಈಗ ಇವರು ಮರಗಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಆಗಲೇ ಕೈ ಕೆಟ್ಟಿತ್ತು ಎಂದುಕೊಂಡು ಕೂತಿದ್ದಾರೆ. ಇವತ್ತೇ ಹೇಳಬೇಕು ಎಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಹಾಲು ಉಕ್ಕಿತು. ಇನ್ನೊಂದು ಸಲ ಏನೂ ಉಕ್ಕಲಿಲ್ಲ, ಆದರೂ ಹೇಳಲಿಲ್ಲ.

ಮಾರ್ಚ್ 11, ಮಂಗಳವಾರ

ಗಾಳಿ ಮೂವತ್ತು. ಉಕ್ಕು ಮೂವತ್ತಮೂರು. ತೇವ ಸರಿಯಿದೆ.

ಗ್ರಿಟ್ ಮುಗಿದು ಏಳನೇ ಸ್ಪ್ಯಾನು ತೊಳೆದ ತಟ್ಟೆಯ ಹಾಗೆ ಬೆಳ್ಳಗೆ ನಿಂತಿತ್ತು. ಹಾಗೆ ಬಿಟ್ಟರೆ ಸಂಜೆಯೊಳಗೆ ಉಪ್ಪುಗಾಳಿ ಮುತ್ತಿಕ್ಕಿ ಕೆಂಪಗೆ ಮಾಡುತ್ತದೆ, ಅದಕ್ಕೇ ತಕ್ಷಣ ಸತು ಹೊಡೆಸಿದೆ. ಉದ್ದಣ್ಣ ಒಂದು ಸುತ್ತು ಮುಗಿಸಿದ. ದಪ್ಪದ ಅಳತೆ ಎಪ್ಪತ್ತು ಮೈಕ್ರಾನು, ಬೇಕಾದಷ್ಟೇ. ನನಗೆ ಸಮಾಧಾನವಾಗಲಿಲ್ಲ. ಬೋಲ್ಟುಗಳ ಮೇಲೆಲ್ಲ ನಾನೇ ಬ್ರಷ್ ಹಿಡಿದು ಇನ್ನೊಂದು ಸಲ ಸತು ತೀಡಿದೆ. ಆಮೇಲೆ ಉದ್ದಣ್ಣನಿಗೆ ಇನ್ನೊಂದು ಸುತ್ತು ಹೊಡಿ ಎಂದೆ.

"ಜಾಸ್ತಿ ಆಯ್ತಕ್ಕ."

"ಹೇಳಿದಷ್ಟು ಮಾಡು."

"ಎಪಾಕ್ಸಿ ಆದ್ರೆ ಎಷ್ಟು ಬೇಕಾದ್ರೂ ಹೊಡೀತಿದ್ದೆ. ಇದು ಸತು..."

"ನನಗೆ ಗೊತ್ತಿಲ್ವಾ?"

ಹೊಡೆದ. ಈ ಸಲ ಒಂದು ಬೋಲ್ಟೂ ತುಕ್ಕು ಹಿಡಿಯುವ ಮಾತಿಲ್ಲ. ಮನಸ್ಸು ಹಗುರವಾಯಿತು. ಮನೆಗೆ ಬಂದವಳೇ ಇವರ ಕೈಗೆ ಎಣ್ಣೆ ತಿಕ್ಕಿ, ತಣ್ಣಗಾಗದಿರಲಿ ಎಂದು ಉಣ್ಣೆಯ ಬಟ್ಟೆ ಸುತ್ತಿದೆ. ಸೆಕೆ ಎಂದರು. ಇರಲಿ ಎಂದೆ.

ಮಾರ್ಚ್ 12, ಬುಧವಾರ

ಸತು ಸೀಳುಬಿಟ್ಟಿದೆ. ಇಡೀ ಸ್ಪ್ಯಾನು.

ಮಾರ್ಚ್ 13, ಗುರುವಾರ

ಬತ್ತಿದ ಕೆರೆಯ ಕೆಸರು ಸೀಳುತ್ತದಲ್ಲ, ಹಾಗೆ. ಬೋಲ್ಟುಗಳ ಸುತ್ತ ಎಲ್ಲಕ್ಕಿಂತ ಹೆಚ್ಚು. ಚಾಕುವಿನ ತುದಿ ತಾಗಿಸಿದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಸತು ದಪ್ಪವಾದರೆ ಒಣಗುತ್ತಾ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಇದನ್ನು ಹೊಸದಾಗಿ ಸೇರಿದವರಿಗೆ ಮೊದಲನೆಯ ದಿನವೇ ಪಾಠ ಹೇಳುವವಳು ನಾನು. ಇಪ್ಪತ್ತೆರಡು ವರ್ಷದ ಅನುಭವಕ್ಕೆ ಮಣ್ಣು ಬಿತ್ತು.

ಉದ್ದಣ್ಣ ಬಿದ್ದ ಹಕ್ಕಳೆಗಳನ್ನು ಗುಡಿಸತೊಡಗಿದ. ಬೈದಿದ್ದರೆ ಚೆನ್ನಾಗಿತ್ತು. ಎಂಜಿನಿಯರ್ ಸಾಹೇಬರು ಬಂದು ನೋಡಿ, "ಯಾರು ಮಾಡಿದ್ದು?" ಎಂದರು. ನಾನೇ ಎಂದೆ. "ಮತ್ತೆ ಕೆರೀರಿ. ತಾರೀಖು ಬದಲಾಗಲ್ಲ," ಎಂದು ಹೊರಟುಹೋದರು.

ಮನೆಗೆ ಬರುವಷ್ಟರಲ್ಲಿ ಇವರಿಗೆ ಸುದ್ದಿ ಮುಟ್ಟಿತ್ತು. ಗುಟ್ಟು ಫೋನ್ ಮಾಡಿ, ಯಾರಿಗೂ ಹೇಳಬೇಡಣ್ಣ ಎಂದು ಅಕ್ಕಪಕ್ಕದ ಮೂರು ಮನೆಗೆ ಕೇಳುವ ಹಾಗೆ ಹೇಳಿದ್ದನಂತೆ. ಇವರು ನನ್ನನ್ನು ನೋಡಿದ ಕೂಡಲೇ ನಗಲು ಶುರು ಮಾಡಿದರು. ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಸ್ಟೂಲಿನಿಂದ ಬಿದ್ದ ಮೇಲೆ ಮೊದಲ ಸಲ ಹಾಗೆ ನಕ್ಕಿದ್ದು.

"ಸತು ಮೇಲೆ ಸತು ಬಳಿದ್ಯಾ? ನೀನಾ? ಏನಾಗಿತ್ತೇ ನಿನಗೆ?"

"ಬೋಲ್ಟಿಗೆ ಮತ್ತೆ ತುಕ್ಕು ಬರಬಾರದು ಅಂತ."

"ಅದಕ್ಕೆ ಎಪಾಕ್ಸಿ ಬ್ರಷ್ ಇದೆಯಲ್ಲ. ಆ ಸಲ ನಾನು ಕೆಟ್ಟದಾಗಿ ಬಳಿದೆ ಅಂತ ಎಲ್ಲರೂ ಹಾಗೇ ಬಳೀತಾರಾ?"

ಅವರ ಮುಖದಲ್ಲಿ ಇನ್ನೂ ನಗು ಇತ್ತು. ಅದಕ್ಕೇ ತಡೆಯಲಾಗಲಿಲ್ಲ.

"ನೀವು ಬಳಿದೇ ಇಲ್ಲ ರೀ. ಏಳಕ್ಕೆ ಬ್ರಷ್ಷೇ ಆಗಿಲ್ಲ. ಮೋಡ ನೋಡಿ ಹೆದರಿ ನಾನೇ ಬಿಡಿಸಿದೆ. ನಿಮಗೆ ಸುಳ್ಳು ಹೇಳಿದೆ."

ನಗು ಒಂದೇ ಸಲ ಹೋಗಲಿಲ್ಲ, ಮೆಲ್ಲಗೆ ಹೋಯಿತು.

"ಜ್ವರದಲ್ಲಿ ಬಳಿದೆ ಅಂದ್ಯಲ್ಲ."

"ಅಂದೆ."

"ಆ ಮಧ್ಯಾಹ್ನ ಏನು ಮಾಡಿದೆ ಅಂತ ನೆನಪು ಮಾಡ್ಕೊಳ್ಳೋಕೆ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ? ತಲೆ ಕೆಟ್ಟಿದೆಯೇನೋ ಅಂದ್ಕೊಂಡಿದ್ದೆ."

ಎಡಗೈಯಲ್ಲಿ ಕುರ್ಚಿ ಎಳೆದುಕೊಂಡು ಬಾಲ್ಕನಿಗೆ ಹೋದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ತುಂಬ ನಾಚಿಕೆಯಾಯಿತು.

ಮಾರ್ಚ್ 16, ಭಾನುವಾರ

ಮೂರು ದಿನದಿಂದ ಮಾತಿಲ್ಲ. ಅಂಗಿಯ ಗುಂಡಿ ಹಾಕಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನೆನ್ನೆ ಸಿಟ್ಟಿನಲ್ಲಿ ತಾವೇ ಹಾಕಿಕೊಂಡರು. ಇಪ್ಪತ್ತು ನಿಮಿಷಕ್ಕೆ ನಾಲ್ಕು ಗುಂಡಿ. ಇವತ್ತು ಸಿಟ್ಟು ಇನ್ನೂ ಇತ್ತು, ಹದಿನಾಲ್ಕು ನಿಮಿಷಕ್ಕೆ ಐದು. ಟೀ ಮಾಡಿಕೊಂಡರು. ಅರ್ಧ ಒಲೆಗೆ, ಅರ್ಧ ಲೋಟಕ್ಕೆ. ಒಂದು ಲೋಟ ಮಾತ್ರ ಮಾಡಿದರು, ನನಗೆ ಕೊಡಲಿಲ್ಲ. ನೆಲ ಒರೆಸಿದ್ದು ಮಾತ್ರ ನಾನು. ಡಾಕ್ಟರಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಸಿಟ್ಟು ಇನ್ನೊಂದು ವಾರ ಇರಲಿ," ಎಂದು ನಕ್ಕಳು.

ಸಂಜೆ ಬಾಲ್ಕನಿಯಿಂದಲೇ ಕೇಳಿದರು: "ಸಾಹೇಬರಿಗೆ ಹೇಳಿದ್ಯಾ?"

"ಏನನ್ನ?"

"ಬ್ರಷ್ ಆಗಿರಲಿಲ್ಲ ಅಂತ."

"ಹೇಳಿದ್ರೆ ಉಗ್ರಾಣಕ್ಕೆ ಇಪ್ಪತ್ತೆಂಟರ ತನಕ ಕಾಯೋದೂ ಬೇಡ."

"ಏಳರಲ್ಲಿ ಬಂತು ಅಂತ ಹನ್ನೊಂದನ್ನೂ ಕೀಳಿಸ್ತಿದಾರೆ. ಹತ್ತು ಸ್ಪ್ಯಾನು ನಾನು ಸರಿಯಾಗಿ ಬಳಿದಿದೀನಿ. ಅದನ್ನ ಕೀಳಿಸ್ತೀಯಾ?"

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ನನ್ನ ತಲೆಯಲ್ಲಿ ನಾನೊಬ್ಬಳೇ ಓಡಾಡುತ್ತಿದ್ದೆ.

ಮಾರ್ಚ್ 17, ಸೋಮವಾರ

ಹೇಳಿದೆ. ಸಾಹೇಬರು ಬೀರುವಿನಿಂದ ಹಳೆಯ ಪುಸ್ತಕ ತೆಗೆಸಿದರು. "ಬ್ರಷ್: ಆಗಿದೆ." ಕೆಳಗೆ ನನ್ನ ಸಹಿ, ಎಷ್ಟು ದುಂಡಗೆ ಹಾಕಿದ್ದೆ! ಅವರು ಅದನ್ನೇ ನೋಡುತ್ತಾ ಕೂತರು.

"ತುಕ್ಕು ಕಂಡಾಗಿಂದ, ನಾಲ್ಕು ತಿಂಗಳಿಂದ, ಬಣ್ಣದ ಡಬ್ಬಿನ ಬೈತಾ ಇದೀನಮ್ಮ," ಎಂದರು ಕೊನೆಗೆ. "ಡಬ್ಬಿ ತಪ್ಪಲ್ಲ ಅನ್ನಿ."

"ಅಲ್ಲ ಸಾರ್."

"ಹಾಗಾದ್ರೆ ಉಳಿದ ಹತ್ತನ್ನ ಕೆರೆಯೋ ಹಾಗಿಲ್ಲ. ತೊಳೆದು ಮೇಲಿನ ಕೋಟು ಹೊಡೆದ್ರೆ ಸಾಕು." ಪುಸ್ತಕ ಮುಚ್ಚಿದರು. "ಇದನ್ನ ಮೊದಲೇ ಹೇಳಿದ್ರೆ ನನ್ನ ನಿದ್ದೆ ಉಳೀತಿತ್ತು. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದು ಇರುತ್ತೆ. ಆ ಹತ್ತರ ಬೋಲ್ಟು ಯಾರ ಬ್ರಷ್ಷು?"

"ನಮ್ಮ ಮನೆಯವರದು."

"ಏಳಕ್ಕೂ ಅವರೇ ಬಳೀಲಿ. ಇಪ್ಪತ್ತೆಂಟಕ್ಕೆ ಒಂದೊಂದು ಬೋಲ್ಟಿನ ಹಿಂದೆಯೂ ಕನ್ನಡಿ ಹಿಡಿದು ನೋಡ್ತೀನಿ."

"ಅವರ ಕೈ ಮುರಿದಿದೆ ಸಾರ್, ಆಗಲ್ಲ," ಎಂದುಬಿಟ್ಟೆ.

"ಅವರು ಹೇಳಿದ್ರಾ, ನೀವು ಹೇಳ್ತಿದೀರಾ?"

ಉಗ್ರಾಣದ ಮಾತು ಹಾಗೇ ತೂಗುತ್ತಿದೆ. ಮನೆಗೆ ಬಂದು ಎಲ್ಲವನ್ನೂ ಹೇಳಿದೆ, ಆಗಲ್ಲ ಎಂದದ್ದನ್ನೂ ಸೇರಿಸಿ. ಇವರು ಒಳಗೆ ಹೋಗಿ ತಮ್ಮ ಬ್ರಷ್ಷಿನ ಚೀಲ ತಂದು ಮೇಜಿನ ಮೇಲೆ ಸುರಿದರು. ಇವತ್ತು ಎರಡು ಲೋಟ ಟೀ ಮಾಡಿದರು.

ಮಾರ್ಚ್ 19, ಬುಧವಾರ

ಗುಟ್ಟು ಮತ್ತೆ ಕೆರೆದು ಮುಗಿಸಿದ. ಇವತ್ತು ಸತು. ಉದ್ದಣ್ಣ ಒಂದು ಸುತ್ತು ಹೊಡೆದು ಗನ್ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಕಂಬದ ಬುಡಕ್ಕೆ ಹೋಗಿ ಹೊಳೆಯ ಕಡೆ ಮುಖ ಮಾಡಿ ಕೂತೆ. ಕೈ ತುರಿಸುತ್ತಿತ್ತು. ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದೆ.

ಅಳತೆ: ಎಪ್ಪತ್ತೆರಡು. ಬಿರುಕಿಲ್ಲ.

"ಕ್ಷಮಿಸು ಉದ್ದಣ್ಣ," ಎಂದೆ. "ಯಾವುದಕ್ಕಕ್ಕ, ಮೊನ್ನೇದಕ್ಕಾ ನಾಲ್ಕು ವರ್ಷದ್ದಕ್ಕಾ?" ಎಂದ. ಎರಡಕ್ಕೂ ಎಂದೆ.

ಮಾರ್ಚ್ 22, ಶನಿವಾರ

ಮುನ್ನೂರ ಎಂಬತ್ತನಾಲ್ಕು ಬೋಲ್ಟು.

ಇವರನ್ನು ಸಾರುವೆ ಹತ್ತಿಸಿದೆ. ಸೊಂಟದ ಪಟ್ಟಿಯ ಕೊಕ್ಕೆಯನ್ನು ನಾಲ್ಕು ಸಲ ಎಳೆದು ನೋಡಿದೆ. ಐದನೆಯ ಸಲ ಕೈ ಹಾಕಿದಾಗ ಗುಟ್ಟು, "ಅಕ್ಕ, ಇನ್ನೊಂದು ಸಲ ಎಳೆದ್ರೆ ಅಣ್ಣ ಬೀಳಲ್ಲ, ಸೇತುವೆ ಬೀಳುತ್ತೆ!" ಎಂದು ಕೂಗಿದ. ಮೇಲೆ ನಡೆದುಹೋಗುತ್ತಿದ್ದ ಜನ ಗಾಬರಿಯಾಗಿ ಬಗ್ಗಿ ನೋಡಿದರು.

ಡಾಕ್ಟರಮ್ಮ ಹೇಳಿದಂತೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದರು. ಮೊದಲ ಹತ್ತು ಬೋಲ್ಟಿಗೆ ಒಂದು ಗಂಟೆ ಹಿಡಿಯಿತು. ಬ್ರಷ್ಷನ್ನು ಬೋಲ್ಟಿನ ಬೆನ್ನಿಗೆ ಒತ್ತಿ, ತಿರುವಿ, ಬುಡದ ಸಂದಿಗೆ ನೂಕಿ, ಆಮೇಲೆ ಮೂಲೆಗಳ ಮೇಲೆ ಎಳೆಯಬೇಕು. ತಿರುವುವಲ್ಲಿ ಮಣಿಕಟ್ಟು ಬರುತ್ತಿರಲಿಲ್ಲ. ಹಣೆಯಲ್ಲಿ ಬೆವರು. ನಾನು ಕೈ ಚಾಚಿದೆ.

"ಆ ಕಡೆ ಹೋಗು," ಎಂದರು.

"ಸ್ವಲ್ಪ..."

"ಹೋಗೇ ಅಂದ್ನಲ್ಲ."

ಹೋದೆ. ನನಗೂ ಒಂದು ಕೆಲಸ ಸಿಕ್ಕಿತು. ಎಪಾಕ್ಸಿ ಎಂದರೆ ಎರಡು ಡಬ್ಬಿ ಬೆರೆಸಿದ್ದು, ಬೆರೆಸಿದ ಮೇಲೆ ಎರಡು ಗಂಟೆಗೆ ಗಟ್ಟಿಯಾಗುತ್ತದೆ. ಇವರ ನಿಧಾನಕ್ಕೆ ದೊಡ್ಡ ಡಬ್ಬಿ ಕಲಸಿದರೆ ಪೂರಾ ಹಾಳು. ಹಾಗಾಗಿ ತಕ್ಕಡಿ ಇಟ್ಟುಕೊಂಡು ಲೋಟದಷ್ಟು ಲೋಟದಷ್ಟು ಕಲಸಿ ಮೇಲೆ ಕಳಿಸಿದೆ. ಕಲಸುವುದು, ಕಳಿಸುವುದು, ಮತ್ತೆ ಕಲಸುವುದು. ಮಧ್ಯಾಹ್ನದ ಮೇಲೆ ಲೋಟಗಳು ಬೇಗ ಬೇಗ ಖಾಲಿಯಾಗಿ ಬರಲು ಶುರುವಾದವು. ಸಂಜೆಗೆ ನೂರ ಅರವತ್ತು. ಮನೆಗೆ ಬಂದು ಇವರು ಊಟ ಮಾಡುತ್ತಲೇ ನಿದ್ದೆ ಹೋದರು.

ಮಾರ್ಚ್ 23, ಭಾನುವಾರ

ರಜೆಯಿಲ್ಲ. ಸಂಜೆ ನಾಲ್ಕೂಕಾಲಿಗೆ ಹನ್ನೆರಡು ಬೋಲ್ಟು ಉಳಿದಿತ್ತು.

ಗಾಳಿ ತಿರುಗಿತು, ಸಮುದ್ರದ ಕಡೆಯಿಂದ ತೇವ ಬಂತು. ಉಕ್ಕು ಮುಟ್ಟಿ ನೋಡಿದೆ, ತಣ್ಣಗಾಗುತ್ತಿತ್ತು. ಅಳೆದೆ. ಉಕ್ಕು ಇಪ್ಪತ್ತನಾಲ್ಕು, ಇಬ್ಬನಿ ಕಟ್ಟುವುದು ಇಪ್ಪತ್ತೆರಡಕ್ಕೆ. ನಡುವೆ ಮೂರು ಇರಬೇಕು, ಇದ್ದದ್ದು ಎರಡು. ಕಣ್ಣಿಗೆ ಕಾಣದಿದ್ದರೂ ಆಗ ಬಳಿದ ಬಣ್ಣದ ಕೆಳಗೆ ನೀರು ಕೂರುತ್ತದೆ.

ಇವರು ಮೇಲಿನಿಂದ, "ಹನ್ನೆರಡೇ ಇರೋದು ಕಣೇ, ಮುಗಿಸಿಬಿಡ್ತೀನಿ, ಲೋಟ ಕಳಿಸು," ಎಂದರು. ಉದ್ದಣ್ಣ, "ನಾಳೆ ಬೆಳಿಗ್ಗೇನೇ ಸ್ಪ್ರೇ ಶುರು ಮಾಡಬಹುದು, ಒಂದು ದಿನ ಉಳಿಯುತ್ತೆ," ಎಂದ. ಆಕಾಶದಲ್ಲಿ ಮೋಡವೂ ಇತ್ತು, ಅವತ್ತಿನ ಹಾಗೇ. ಕೈಯಲ್ಲಿ ಕಲಸಿದ ಲೋಟ ಇತ್ತು.

"ಇಳೀರಿ," ಎಂದೆ. "ನಾಳೆ ಬಿಸಿಲು ಬಂದ ಮೇಲೆ."

"ಮಳೆ ಬಂದ್ರೆ?"

"ಬಂದ್ರೆ ಬರಲಿ."

ಲೋಟದ ಬಣ್ಣ ಅಲ್ಲೇ ಗಟ್ಟಿಯಾಯಿತು. ಸೇತುವೆಯ ಪುಸ್ತಕದಲ್ಲಿ "ಬ್ರಷ್: ಆಗಿಲ್ಲ. ಹನ್ನೆರಡು ಬಾಕಿ," ಎಂದು ಬರೆದು ಸಹಿ ಹಾಕಿದೆ. ಇವರು ಇಳಿದು ಬಂದು ಅದನ್ನು ಓದಿದರು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಮಾತಾಡಿದರು. ಬೋಲ್ಟಿನ ಮಾತೇ, ಆದರೂ ಮಾತು.

ಮಾರ್ಚ್ 24, ಸೋಮವಾರ

ನಾಲ್ಕು ಹನಿ ಬಿದ್ದು ನಿಂತಿತು. ಹತ್ತೂವರೆಗೆ ಉಕ್ಕು ಒಣಗಿ ಬೆಚ್ಚಗಾಯಿತು. ಹನ್ನೆರಡಕ್ಕೆ ಹನ್ನೆರಡೂ ಆಯಿತು. ಕೊನೆಯದನ್ನು ಬಳಿದು ಇವರು ಬ್ರಷ್ ಎತ್ತಿ ತೋರಿಸಿದರು. ಗುಟ್ಟು ಕೂಗಿದ ಕೂಗಿಗೆ ಹೊಳೆಯ ಹಕ್ಕಿಗಳೆಲ್ಲ ಎದ್ದುಹೋದವು.

ನಾಳೆ ಎಪಾಕ್ಸಿ, ನಾಡಿದ್ದು ಮೇಲಿನ ಕೋಟು.

ಮಾರ್ಚ್ 28, ಶುಕ್ರವಾರ

ಸಾಹೇಬರು ಹೇಳಿದ ಹಾಗೇ ಮಾಡಿದರು. ಕೋಲಿನ ತುದಿಗೆ ಹಲ್ಲಿನ ಡಾಕ್ಟರಿನಂಥ ಪುಟ್ಟ ಕನ್ನಡಿ ಕಟ್ಟಿಕೊಂಡು ಬಂದಿದ್ದರು. ಒಂದೊಂದು ಬೋಲ್ಟಿನ ಬೆನ್ನೂ ನೋಡಿದರು. ಎರಡೂವರೆ ಗಂಟೆ. ಇವರು ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರು.

ಮೂವತ್ತೋ ನಲವತ್ತನೆಯದೋ ಬೋಲ್ಟಿನ ಹತ್ತಿರ ಸಾಹೇಬರು ನಿಂತುಬಿಟ್ಟರು.

"ಇಲ್ಲೊಂದು ಬ್ರಷ್ಷಿನ ಕೂದಲು ಸಿಕ್ಕಿಕೊಂಡಿದೆಯಲ್ಲ."

ಇವರು ಬಗ್ಗಿ ನೋಡಿದರು. "ಹೌದು ಸಾರ್. ಮೊದಲನೇ ದಿನದ್ದು. ಕೈ ನಡುಗ್ತಿತ್ತು."

"ಆ ಜಾಗ ಮಾತ್ರ ತಿದ್ದಿ," ಎಂದು ಮುಂದೆ ಹೋದರು. ಕೊನೆಗೆ ಕನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡು, "ಉಳಿದ ಹತ್ತನ್ನ ಸೋಮವಾರದಿಂದ ತೊಳೆಯೋಕೆ ಶುರು ಮಾಡಿ. ಬೋಲ್ಟು ನೋಡಿಕೊಳ್ಳೋದು ಇವರೇ. ಮೇಸ್ತ್ರಿ ನೀವೇ. ಆದ್ರೆ ಪುಸ್ತಕಾನ ಪ್ರತಿ ಸಂಜೆ ನನಗೆ ತೋರಿಸಬೇಕು," ಎಂದರು.

ಪ್ರತಿ ಸಂಜೆ ತೋರಿಸಬೇಕಂತೆ, ಶಾಲೆಯ ಮಗುವಿನ ಹಾಗೆ. ತೋರಿಸುತ್ತೇನೆ. ಸಂತೋಷದಲ್ಲಿ ತಲೆಯಾಡಿಸಿದ್ದೇ ಆಡಿಸಿದ್ದು.

ಸೇತುವೆಯ ಪುಸ್ತಕದಲ್ಲಿ ಏಳನೇ ಸ್ಪ್ಯಾನಿನ ಪುಟ ತೆರೆದು ಪೆನ್ನನ್ನು ಇವರ ಕೈಗೆ ಕೊಟ್ಟೆ. "ಬ್ರಷ್: ಆಗಿದೆ" ಎಂದು ಇವರೇ ಬರೆದು ಸಹಿ ಹಾಕಿದರು. ಸಹಿ ಸೊಟ್ಟಗೆ ಬಂತು. ಅದರ ಕೆಳಗೆ ನಾನು ಹಾಕಿದೆ.

ಮಾರ್ಚ್ 31, ಸೋಮವಾರ

ಗಾಳಿ ಇಪ್ಪತ್ತೊಂಬತ್ತು. ಉಕ್ಕು ಮೂವತ್ತು. ತೇವ ಸರಿಯಿದೆ. ಒಂದನೇ ಸ್ಪ್ಯಾನು ತೊಳೆಯಲು ಶುರು.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟೆವು. ಇವರು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೂರನೇ ಗುಂಡಿ ನಾಲ್ಕನೇ ಕಾಜಿಗೆ ಹೋಗಿ, ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಮನೆ ತಪ್ಪಿ, ಅಂಗಿಯ ಒಂದು ಮಗ್ಗುಲು ಮೇಲೆ ಒಂದು ಮಗ್ಗುಲು ಕೆಳಗೆ ನೇತಾಡುತ್ತಿತ್ತು. "ಹೊರಡೋಣವಾ?" ಎಂದರು. ಹೂಂ ಎಂದೆ. ಬೀಗ ಹಾಕುವುದು ನನ್ನ ಕೆಲಸ, ಹಾಕಿದೆ. ಸೇತುವೆಯವರೆಗೂ ಹಾಗೇ ಬಂದರು. ಗುಟ್ಟು ನೋಡಿ ಬಾಯಿ ತೆರೆದ, ನಾನು ಕಣ್ಣು ಕೆಕ್ಕರಿಸಿದೆ, ಜನ್ಮದಲ್ಲಿ ಮೊದಲ ಸಲ ಅವನು ಒಂದು ಮಾತನ್ನು ನುಂಗಿಕೊಂಡ.

ಷರಾ: ಏನೂ ಇಲ್ಲ.